ಮಳಖೇಡ: ರಾಷ್ಟ್ರಕೂಟರ ರಾಜಧಾನಿಯಲ್ಲಿ ನೋಡೋಕೆ ಏನುಳಿದಿದೆ?

ಬೈಕ್ ಸವಾರ

ಸ್ವಲ್ಪ ಬೇಜಾರಿನಲ್ಲೇ ಬರೆಯುತ್ತಿದ್ದೇನೆ. ಮೊನ್ನೆ ಕಲಬುರಗಿಗೆ ಮದುವೆಗೆ ಹೋದವನು ಮಳಖೇಡಕ್ಕೂ ಹೋಗಿ ಬಂದೆ. ಸೇಡಂ ರಸ್ತೆಯಲ್ಲಿ ಸುಮಾರು 40 ಕಿಲೋಮೀಟರ್. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವಲ್ಲ, ಅಮೋಘವರ್ಷ ನೃಪತುಂಗ, ಮಾನ್ಯಖೇಟ, ಕವಿರಾಜಮಾರ್ಗ. ಆ ಮಾನ್ಯಖೇಟವೇ ಈ ಮಳಖೇಡ. ಕನೌಜಿನವರೆಗೆ ದಂಡು ನಡೆಸಿದ ರಾಜರ ಊರು ಅಂದಮೇಲೆ, ಹಂಪಿಯಷ್ಟು ಬೇಡ, ಬಾದಾಮಿಯಷ್ಟಾದರೂ ಇರುತ್ತದೆ ಅಂದುಕೊಂಡಿದ್ದೆ.

ಸಿಕ್ಕಿದ್ದು ಇಷ್ಟು. ಕಾಗಿಣಾ ನದಿ ದಂಡೆಯಲ್ಲಿ ಒಂದು ಕೋಟೆ. ಗೋಡೆ ಕೆಲವು ಕಡೆ ಗಟ್ಟಿಯಾಗಿದೆ, ಕೆಲವು ಕಡೆ ಕಲ್ಲು ಜಾರಿ ಬಿದ್ದಿದೆ. ಒಳಗೆ ಜಾಲಿ ಪೊದೆ. ಊರಲ್ಲಿ ಒಂದು ಬಸದಿ, ನದಿ ಪಕ್ಕ ಮಠ. ಅರಮನೆ ಎಲ್ಲಿತ್ತು ಅಂತ ಒಬ್ಬ ಹಿರಿಯರನ್ನು ಕೇಳಿದೆ. "ಇಲ್ಲೇ ಎಲ್ಲೋ ಇತ್ತಂತ್ರೀ" ಅಂದು ಎಮ್ಮೆ ಹೊಡೆದುಕೊಂಡು ಹೋದರು. ಬೋರ್ಡ್ ಓದಿದರೆ ಅರ್ಧ ಅಕ್ಷರ ಅಳಿಸಿತ್ತು.

ನಾನು ನೋಡದೆ ಬಿಟ್ಟದ್ದು ಏನಾದ್ರೂ ಇದೆಯಾ? ಇಲ್ಲಾ, ನಿಜವಾಗಿ ಇಷ್ಟೇನಾ?

ಊರೂರು ಅಲೆಯುವವ

ಇಷ್ಟೇ. ರಾಷ್ಟ್ರಕೂಟರನ್ನು ನೋಡಬೇಕು ಅಂದ್ರೆ ಎಲ್ಲೋರಕ್ಕೆ ಹೋಗಿ, ಕೈಲಾಸ ದೇವಾಲಯ ನೋಡಿ. ಮಳಖೇಡಕ್ಕೆ ಹೋಗೋದು ಹೆಸರಿಗೆ ಮಾತ್ರ.

ಹಳೇ ಶಾಸನ

ಎಲ್ಲೋರಕ್ಕೆ ಹೋಗಬೇಕು, ಸರಿ. ಆದರೆ ಕೈಲಾಸ ಕೊರೆಸಿದ್ದು ಒಂದನೇ ಕೃಷ್ಣ, 8ನೇ ಶತಮಾನದಲ್ಲಿ. ಆಗ ಮಾನ್ಯಖೇಟ ರಾಜಧಾನಿಯೇ ಆಗಿರಲಿಲ್ಲ. ಇಲ್ಲಿಗೆ ರಾಜಧಾನಿ ತಂದದ್ದು ಅಮೋಘವರ್ಷ. 814ರಲ್ಲಿ ಇನ್ನೂ ಹುಡುಗನಾಗಿದ್ದಾಗ ಪಟ್ಟಕ್ಕೆ ಬಂದು ಅರವತ್ತಕ್ಕೂ ಹೆಚ್ಚು ವರ್ಷ ಆಳಿದವನು. ಹಾಗಾಗಿ ಎಲ್ಲೋರ ನೋಡಿದರೆ ಮಳಖೇಡ ನೋಡಿದ ಹಾಗೆ ಆಗುವುದಿಲ್ಲ.

ಬೈಕ್ ಸವಾರರೇ, ನೀವು ನೋಡಿದ ಕೋಟೆ ಇದೆಯಲ್ಲ, ಅದನ್ನೇ ನೃಪತುಂಗನ ಕೋಟೆ ಅಂದುಕೊಂಡರೆ ಇನ್ನೂ ಗೊಂದಲ ಆಗುತ್ತದೆ. ಜಾಗ ಹಳೆಯದೇ. ಆದರೆ ಈಗ ಕಾಣುವ ದುಂಡು ಬುರುಜು, ಗೋಡೆಯ ಮೇಲಿನ ತೆನೆ (ಹಲ್ಲಿನ ಸಾಲಿನಂಥ ಅಂಚು), ಬಾಗಿಲಿನ ಕಮಾನು ಇವೆಲ್ಲ ಬಹುಪಾಲು ಸುಲ್ತಾನರ ಕಾಲದ ಕೆಲಸ. ರಾಷ್ಟ್ರಕೂಟರ ನಂತರ ಕಲ್ಯಾಣ ಚಾಲುಕ್ಯರು ಬಂದರು, ಆಮೇಲೆ ಬಹಮನಿ, ಕೊನೆಗೆ ನಿಜಾಮ. ಎಲ್ಲರೂ ಈ ನಾಡನ್ನು ಆಳಿದ್ದಾರೆ. ಆ ಕೋಟೆಯಲ್ಲಿ ರಾಷ್ಟ್ರಕೂಟರನ್ನು ಹುಡುಕುವುದಾದರೆ ಗೋಡೆ ಬಿಡಿ, ಗೋಡೆಯೊಳಗೆ ಸೇರಿಕೊಂಡ ಕಲ್ಲುಗಳನ್ನು ನೋಡಿ.

ಅರಮನೆ ಯಾಕೆ ಇಲ್ಲ ಅನ್ನೋದಕ್ಕೆ ಉತ್ತರ ಸರಳ. ಆಗ ಕಲ್ಲು ದೇವರಿಗೆ, ಮರ ಮತ್ತು ಇಟ್ಟಿಗೆ ಮನುಷ್ಯರಿಗೆ. ರಾಜನೂ ಮನುಷ್ಯರ ಲೆಕ್ಕದಲ್ಲೇ ಬರುತ್ತಿದ್ದ. ಹಂಪಿಯಲ್ಲೂ ಅರಮನೆಗಳ ಕಲ್ಲಿನ ಜಗತಿ, ಅಂದರೆ ಕಟ್ಟೆ, ಮಾತ್ರ ಉಳಿದಿದೆ, ಮೇಲಿನ ಮರದ ಕಟ್ಟಡ ಹೋಗಿದೆ. ಹಂಪಿ 1565ರ ನಂತರ ಹೆಚ್ಚುಕಮ್ಮಿ ಹಾಳುಬಿತ್ತು, ಅದಕ್ಕೇ ಅಷ್ಟಾದರೂ ಉಳಿಯಿತು. ಮಳಖೇಡದಲ್ಲಿ ಜನ ಇವತ್ತಿಗೂ ವಾಸ ಮಾಡುತ್ತಿದ್ದಾರೆ. ಸಾವಿರ ವರ್ಷ ಮನೆ ಕಟ್ಟಿ, ಕೆಡವಿ, ಅದೇ ಕಲ್ಲಿನಲ್ಲಿ ಮತ್ತೆ ಕಟ್ಟಿದರೆ ಇನ್ನೇನು ಉಳಿಯುತ್ತದೆ ಹೇಳಿ.

ಸೇಡಂ ಕಡೆಯವ

ನಮ್ಮ ಊರಿನ ಪಕ್ಕದ ವಿಷಯ, ಸುಮ್ನೆ ಇರೋಕೆ ಆಗಲ್ಲ.

ಮೊದಲು ಕಲ್ಲಿನ ಮಾತು. ಈ ಕಡೆ ನೆಲ ಅಗೆದರೆ ಸಿಗೋದು ಸುಣ್ಣದ ಕಲ್ಲು, ಪದರ ಪದರವಾಗಿ ಏಳುತ್ತದೆ. ನೀವೆಲ್ಲ ಶಹಾಬಾದ್ ಕಲ್ಲು ಅಂತ ಮನೆಗೆ ಹಾಸ್ತೀರಲ್ಲ, ಅದೇ ಜಾತಿ. ಕೋಟೆ ಗೋಡೆಯೂ ಅದೇ, ದನದ ಕೊಟ್ಟಿಗೆಯೂ ಅದೇ, ಹೊಲದ ಬದುವೂ ಅದೇ. ಹಳೇ ಕಲ್ಲು ಯಾವುದು ಹೊಸ ಕಲ್ಲು ಯಾವುದು ಅಂತ ದೂರದಿಂದ ನೋಡಿದರೆ ಗೊತ್ತಾಗಲ್ಲ. ಅದೇ ಕಲ್ಲಿಗಾಗಿಯೇ ಸುತ್ತ ಸಿಮೆಂಟ್ ಕಾರ್ಖಾನೆಗಳು ಬಂದಿವೆ. ಬುರುಜಿನ ಮೇಲೆ ಹತ್ತಿದರೆ ಒಂದು ಕಡೆ ಕಾಗಿಣಾ, ಒಂದು ಕಡೆ ತೊಗರಿ ಹೊಲ, ಇನ್ನೊಂದು ಕಡೆ ಚಿಮಣಿ.

ಬಸದಿಯನ್ನು ನೀವು ಒಂದೇ ಮಾತಲ್ಲಿ ಮುಗಿಸಿಬಿಟ್ಟಿರಿ. ಮಳಖೇಡದಲ್ಲಿ ನಿಂತು ನೋಡಬೇಕಾದ್ದು ಅದೇ. ನೇಮಿನಾಥ ಬಸದಿ. ಹೊರಗಿನಿಂದ ಏನೂ ಅನ್ನಿಸಲ್ಲ, ಸುಣ್ಣ ಬಳಿದ ಹಳೇ ಮನೆ ತರಹ ಇದೆ. ಒಳಗೆ ಹೋಗಿ ಕತ್ತಲೆಗೆ ಕಣ್ಣು ಹೊಂದಿಕೊಳ್ಳುವ ತನಕ ತಡೆಯಿರಿ. ಆಮೇಲೆ ಕಂಬ ನೋಡಿ. ಬುಡ ಚೌಕ, ಮೇಲೆ ಹೋದ ಹಾಗೆ ದುಂಡಗಾಗುತ್ತದೆ. ಎಷ್ಟೋ ಸಲ ಬಣ್ಣ ಬಳಿದು ಅಂಚುಗಳು ಮೊಂಡಾಗಿವೆ, ಬಣ್ಣ ಚಕ್ಕೆ ಎದ್ದ ಕಡೆ ಬೆರಳಿಟ್ಟರೆ ಕೆಳಗಿನ ಗೆರೆ ಕೈಗೆ ಸಿಗುತ್ತದೆ. ಮಾನ್ಯಖೇಟದ ಕಾಲಕ್ಕೆ ಹತ್ತಿರದ ಕೆಲಸ ಅಂದ್ರೆ ಈ ಕಂಬಗಳು. ಪಂಚಲೋಹದ ಒಂದು ಪುಟ್ಟ ಮಂದಿರವೂ ಇದೆ, ಮೈತುಂಬ ತೀರ್ಥಂಕರರ ಬಿಂಬಗಳು, ಒಟ್ಟು 96. ಒಂದೊಂದೂ ಉಗುರು ಗಾತ್ರ ಅನ್ನೋ ಹಾಗಿವೆ. ಪೂಜೆ ನಡೆಯುವ ಜಾಗ, ಕೇಳಿಕೊಂಡು ನೋಡಿ, ಕ್ಯಾಮರಾ ಮುಂದೆ ಹಿಡಿದು ಒಳಗೆ ನುಗ್ಗಬೇಡಿ.

ಬಾಗಿಲು ಹಾಕಿತ್ತು ಅಂತ ವಾಪಸ್ ಬರೋರೇ ಜಾಸ್ತಿ. ಅಕ್ಕಪಕ್ಕದಲ್ಲಿ ಕೇಳಿ, ಬೀಗದ ಕೈ ಇರೋರು ಬರ್ತಾರೆ. ಬೆಳಗ್ಗೆ ಹೋದರೆ ಒಳ್ಳೇದು.

ಬೈಕ್ ಸವಾರ

ಬಾಗಿಲು ತೆರೆದೇ ಇತ್ತು, ಒಳಗೂ ಹೋಗಿದ್ದೆ. ಕಂಬ ನೋಡಿದ ನೆನಪಿದೆ. ಆದರೆ ಆಯಿಲ್ ಪೇಂಟ್ ನೋಡಿ ಇದು ಹೊಸದು ಅಂತ ಹೊರಗೆ ಬಂದೆ. ಅಲ್ಲಿ ಒಂದು ಸಾಲು ಬರೆದು ಹಾಕಿದ್ದರೆ ನನ್ನಂಥವರಿಗೆ ತಿಳಿಯುತ್ತಿತ್ತು ಅಲ್ವಾ?

ಇನ್ನೊಂದು ಪ್ರಶ್ನೆ. ಊರು ಹಾಳಾಗಿದ್ದು ಯಾವಾಗ? ಒಂದೇ ಸಲ ಸುಟ್ಟರಾ, ಅಥವಾ ನಿಧಾನವಾಗಿ ಜನ ಬಿಟ್ಟುಹೋದರಾ?

ಹಳೇ ಶಾಸನ

ಎರಡೂ.

ಮೊದಲು ಬಿದ್ದ ಪೆಟ್ಟು 972ರಲ್ಲಿ. ಮೂರನೇ ಕೃಷ್ಣ ಇರುವ ತನಕ ಯಾರೂ ಹತ್ತಿರ ಸುಳಿಯಲಿಲ್ಲ. 949ರಲ್ಲಿ ತಕ್ಕೋಲದಲ್ಲಿ ಚೋಳರನ್ನೇ ಸೋಲಿಸಿದವನು ಅವನು. 967ರಲ್ಲಿ ಅವನು ತೀರಿಕೊಂಡ, ತಮ್ಮ ಖೊಟ್ಟಿಗ ಪಟ್ಟಕ್ಕೆ ಬಂದ. ಐದು ವರ್ಷದೊಳಗೆ ಮಾಳವದ ಪರಮಾರ ದೊರೆ ಸೀಯಕ ನರ್ಮದೆ ದಾಟಿ ಬಂದು ಮಾನ್ಯಖೇಟವನ್ನು ಕೊಳ್ಳೆ ಹೊಡೆದ. ಮರುವರ್ಷ, 973ರಲ್ಲಿ, ರಾಷ್ಟ್ರಕೂಟರ ಸಾಮಂತನೇ ಆಗಿದ್ದ ಎರಡನೇ ತೈಲಪ ತಿರುಗಿಬಿದ್ದು ಕೊನೆಯ ಅರಸ ಕರ್ಕನನ್ನು ಕೆಳಗಿಳಿಸಿದ. ಮನೆತನದ ಕೊನೆಯ ಹಕ್ಕುದಾರ ಇಂದ್ರ 982ರಲ್ಲಿ ಶ್ರವಣಬೆಳಗೊಳದಲ್ಲಿ ಸಲ್ಲೇಖನ, ಅಂದರೆ ಸಾಯುವ ತನಕ ಉಪವಾಸದ ಜೈನ ವ್ರತ ಹಿಡಿದು ಪ್ರಾಣ ಬಿಟ್ಟ. ಅಲ್ಲಿಗೆ ಹೋದವರು ಗೊಮ್ಮಟನನ್ನು ನೋಡಿ ಇಳಿದುಬಿಡುತ್ತಾರೆ, ಅದರ ಶಾಸನ ಚಿಕ್ಕಬೆಟ್ಟದ ಕಡೆ ಇದೆ.

ಆದರೂ ಊರು ಆಗಲೇ ಸಾಯಲಿಲ್ಲ. ತೈಲಪನ ವಂಶದವರೂ ಕೆಲವು ಕಾಲ ಇಲ್ಲಿಂದಲೇ ಆಳಿದರು. 11ನೇ ಶತಮಾನದ ನಡುವೆ ಒಂದನೇ ಸೋಮೇಶ್ವರ ರಾಜಧಾನಿಯನ್ನು ಕಲ್ಯಾಣಕ್ಕೆ, ಅಂದರೆ ಈಗಿನ ಬಸವಕಲ್ಯಾಣಕ್ಕೆ ಒಯ್ದ. ನನ್ನ ಪ್ರಕಾರ ಮಾನ್ಯಖೇಟವನ್ನು ಮುಗಿಸಿದ್ದು ಸೀಯಕನ ಬೆಂಕಿಗಿಂತ ಹೆಚ್ಚಾಗಿ ಈ ವರ್ಗಾವಣೆ. ಸುಟ್ಟ ಊರನ್ನು ಮತ್ತೆ ಕಟ್ಟಬಹುದು. ದರ್ಬಾರು, ಖಜಾನೆ, ಸೈನ್ಯ, ಅವರನ್ನು ನಂಬಿದ ಅಕ್ಕಸಾಲಿ, ನೇಕಾರ, ಕವಿ ಎಲ್ಲರೂ ಗಂಟು ಕಟ್ಟಿಕೊಂಡು ಹೋದಮೇಲೆ ಕಟ್ಟುವವರು ಯಾರು?

ಕಾವ್ಯದ ಹುಚ್ಚಿ

ಸೀಯಕನ ಬೆಂಕಿ ವಿಷಯ ಬಂತಲ್ಲ, ಇದನ್ನು ಹೇಳಲೇಬೇಕು. ಮಳಖೇಡ ಅಂದ್ರೆ ನನಗೆ ಕೋಟೆಗಿಂತ ಮೊದಲು ನೆನಪಾಗೋದು ಇಬ್ಬರು ಕವಿಗಳು.

ಒಬ್ಬ ಪುಷ್ಪದಂತ. ಅಪಭ್ರಂಶದಲ್ಲಿ, ಅಂದ್ರೆ ಪ್ರಾಕೃತದಿಂದ ಬೆಳೆದ ಭಾಷೆಯಲ್ಲಿ, ಮಹಾಪುರಾಣ ಬರೆದವನು. ಎಲ್ಲೆಲ್ಲೋ ಅಲೆದು ಮಾನ್ಯಖೇಟಕ್ಕೆ ಬಂದಾಗ ಮೂರನೇ ಕೃಷ್ಣನ ಮಂತ್ರಿ ಭರತ ಅವನಿಗೆ ಮನೆ, ಊಟ, ಗೌರವ ಎಲ್ಲ ಕೊಟ್ಟು ಇಟ್ಟುಕೊಂಡ. 965ರಲ್ಲಿ ಆ ದೊಡ್ಡ ಪುಸ್ತಕ ಮುಗಿಯಿತು. ಏಳೇ ವರ್ಷಕ್ಕೆ ಊರು ಹೊತ್ತಿಕೊಂಡಿತು. ಮಹಾಪುರಾಣದ ಹಸ್ತಪ್ರತಿಗಳಲ್ಲಿ ಒಂದು ಸಂಸ್ಕೃತ ಪದ್ಯ ಸಿಗುತ್ತದೆ. ಅದರ ಭಾವ ಹೀಗಿದೆ: ದಿಕ್ಕಿಲ್ಲದವರಿಗೆ ಆಸರೆಯಾಗಿದ್ದ, ಜನ ತುಂಬಿದ್ದ, ಬಲ್ಲವರಿಗೆ ಪ್ರಿಯವಾಗಿದ್ದ ಮಾನ್ಯಖೇಟ ಧಾರೆಯ ದೊರೆಯ (ಅದೇ ಸೀಯಕನ) ಕೋಪದ ಬೆಂಕಿಯಲ್ಲಿ ಬೆಂದುಹೋಯಿತು, ಇನ್ನು ಪುಷ್ಪದಂತ ಕವಿ ಎಲ್ಲಿ ಮನೆ ಮಾಡಲಿ? ರಾಜ್ಯ ಹೋಯಿತು ಅಂತ ಅಳುತ್ತಿಲ್ಲ ನೋಡಿ. ಬಾಡಿಗೆ ಮನೆ ಖಾಲಿ ಮಾಡಿಸಿದವನ ಪ್ರಶ್ನೆ ಅದು.

ಇನ್ನೊಬ್ಬ ಧನಪಾಲ, ಗೆದ್ದ ಕಡೆಯವನು. ಧಾರಾನಗರದಲ್ಲಿ ಕೂತು ತಂಗಿ ಸುಂದರಿಗಾಗಿ ಒಂದು ಪ್ರಾಕೃತ ನಿಘಂಟು ಬರೆದ, ಹೆಸರು ಪಾಇಯಲಚ್ಛೀ. ಪುಸ್ತಕ ಯಾವಾಗ ಬರೆದೆ ಅಂತ ಕೊನೆಯಲ್ಲಿ ಹೇಳುತ್ತಾನೆ: ವಿಕ್ರಮ ಸಂವತ್ 1029 (ಕ್ರಿ.ಶ. 972–73), ಮಾಳವದವರು ದಾಳಿ ಮಾಡಿ ಮಾನ್ಯಖೇಟವನ್ನು ಕೊಳ್ಳೆ ಹೊಡೆದ ವರ್ಷ. ಅವನಿಗೆ ಅದು ಬರೀ ಇಸವಿಯ ಗುರುತು. ಇತಿಹಾಸಕಾರರಿಗೆ ಆ ದಾಳಿಯ ವರ್ಷ ಗಟ್ಟಿಯಾಗಿ ಸಿಕ್ಕಿದ್ದೇ ಈ ತಂಗಿಯ ನಿಘಂಟಿನಿಂದ.

ಒಂದೇ ಬೆಂಕಿ, ಈ ದಡದಲ್ಲೊಬ್ಬ, ಆ ದಡದಲ್ಲೊಬ್ಬ. ಇದನ್ನು ಓದಿಕೊಂಡು ಹೋಗಿ ಆ ಜಾಲಿ ಪೊದೆ ನಡುವೆ ನಿಂತರೆ ಬೇಜಾರು ಆಗುತ್ತದೆ, ಆದರೆ ಬೋರ್ ಆಗಲ್ಲ.

ಮುಂಗೋಪಿ

ಕವಿತೆ ಎಲ್ಲ ಚೆನ್ನಾಗಿದೆ. ಒಂದು ಮಾತು ಕೇಳ್ತೀನಿ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ಗ್ರಂಥ ಕವಿರಾಜಮಾರ್ಗ, ಹುಟ್ಟಿದ್ದು ಈ ಊರಿನ ಆಸ್ಥಾನದಲ್ಲಿ. ಕಾವೇರಿಯಿಂದ ಗೋದಾವರಿವರೆಗೆ ಅಂತ ನವೆಂಬರ್ ಬಂದರೆ ಎಲ್ಲ ವೇದಿಕೆಯಲ್ಲೂ ಕೂಗ್ತೀವಿ. ಆ ಮಾತು ಬರೆದ ಊರಿಗೆ ನೆಟ್ಟಗೆ ಒಂದು ಬೋರ್ಡ್ ಇಲ್ಲ. ಇದು ಮರ, ಇಟ್ಟಿಗೆ, ಕಾಲದ ಮಹಿಮೆ ಅಂತ ಹೇಳಿ ನಾವು ತಪ್ಪಿಸಿಕೊಳ್ಳೋದು ಬೇಡ. ಅಗೆದು ನೋಡಿದ್ದರೆ ಏನಾದ್ರೂ ಸಿಗ್ತಿತ್ತು. ಅರಬ್ ವ್ಯಾಪಾರಿಗಳ 851ರ ಬರಹದಲ್ಲಿ ಜಗತ್ತಿನ ನಾಲ್ಕು ದೊಡ್ಡ ದೊರೆಗಳ ಪಟ್ಟಿ ಇದೆ. ಬಾಗ್ದಾದಿನ ಖಲೀಫ, ಚೀನಾದ ಚಕ್ರವರ್ತಿ, ರೂಮ್ (ಬೈಜಾಂಟಿಯಂ) ಅರಸ, ನಾಲ್ಕನೆಯವನು ಬಲ್ಹರಾ, ಅಂದ್ರೆ ನಮ್ಮ ರಾಷ್ಟ್ರಕೂಟ ದೊರೆ. ಉಳಿದ ಮೂವರ ಊರಿಗೆ ವಿಮಾನದಲ್ಲಿ ಜನ ಹೋಗ್ತಾರೆ.

ಹಳೇ ಶಾಸನ

ಬೋರ್ಡ್ ವಿಷಯದಲ್ಲಿ ನಿಮ್ಮ ಕೋಪ ನ್ಯಾಯವೇ. ಉಳಿದದ್ದರಲ್ಲಿ ಸ್ವಲ್ಪ ತಡೆಯಿರಿ.

ಆ ಪಟ್ಟಿಯ ಬಾಗ್ದಾದನ್ನೇ ತಗೊಳ್ಳಿ. ಖಲೀಫ ಮನ್ಸೂರ್ 762ರಲ್ಲಿ ಕಟ್ಟಿಸಿದ ದುಂಡು ನಗರದ ಗೋಡೆ ಈಗ ಎಲ್ಲಿದೆ? ಅದೂ ಹಸಿ ಇಟ್ಟಿಗೆ, ಅದರ ಮೇಲೂ ಊರು. ಒಂಬತ್ತನೇ ಶತಮಾನದ ರಾಜಧಾನಿ ಕಣ್ಣಿಗೆ ಕಾಣಲಿಲ್ಲ ಅಂತ ಮಳಖೇಡವೊಂದೇ ತಲೆ ತಗ್ಗಿಸಬೇಕಾಗಿಲ್ಲ.

ನಮ್ಮಲ್ಲೇ ನೋಡಿ. ಹಳೇಬೀಡಿನಲ್ಲಿ ಹೊಯ್ಸಳೇಶ್ವರ ನಿಂತಿದೆ, ಅರಮನೆ ಇದ್ದ ಕಡೆ ದಿಬ್ಬ. ಬಸವಕಲ್ಯಾಣದಲ್ಲಿ ನಿಂತಿರೋ ಕೋಟೆಯೂ ಬಹುಪಾಲು ನಂತರದವರದ್ದು, ಚಾಲುಕ್ಯ ವಿಕ್ರಮಾದಿತ್ಯನ ಕಾಲದ ಅರಮನೆ ಕಾಣುವುದಿಲ್ಲ. ಗಂಗರ ತಲಕಾಡಿನ ಮೇಲೆ ಮರಳು. ಹಂಪಿಯನ್ನು ಅಳತೆಗೋಲು ಮಾಡಿಕೊಂಡು ಹೊರಟರೆ ಕರ್ನಾಟಕದ ಎಲ್ಲ ರಾಜಧಾನಿಗಳೂ ನಿರಾಸೆಯೇ.

ಅಗೆಯುವ ಮಾತಿಗೆ ಬಂದರೆ, ಜನರ ಅಡುಗೆಮನೆ ಕೆಳಗೆ ಅಗೆಯಬೇಕು. ಅವರನ್ನು ಎಲ್ಲಿಗೆ ಕಳಿಸುತ್ತೀರಿ? ಕೋಟೆಯ ಒಳಗಿನ ಖಾಲಿ ಜಾಗದಲ್ಲಿ ಮಾಡಬಹುದು, ಮಾಡಬೇಕು ಕೂಡ, ಆ ಮಟ್ಟಿಗೆ ಒಪ್ಪುತ್ತೇನೆ.

ಸೇಡಂ ಕಡೆಯವ

ಅಡುಗೆಮನೆ ಮಾತು ನಿಜ. ಹಳೇ ಕೋಟೆ ಅಂತ ಗಡಿ ಗುರುತು ಹಾಕಿದ ಕೂಡಲೇ ಸುತ್ತ ಮನೆ ಕಟ್ಟೋಕೆ, ರಿಪೇರಿ ಮಾಡೋಕೆ ಪರವಾನಗಿ ತಲೆನೋವು ಶುರು. ಅದಕ್ಕೇ ಎಷ್ಟೋ ಜನ ಮನೇಲಿ ಕೆತ್ತನೆ ಕಲ್ಲು ಸಿಕ್ಕಿದರೆ ತಿರುಗಿಸಿ ಒಳಮುಖ ಮಾಡಿ ಇಡ್ತಾರೆ. ಹೆಂಗಸರು ಬಟ್ಟೆ ಒಗೆಯೋ ಕಲ್ಲು ಒಂದನ್ನು ನಾನೇ ನೋಡಿದ್ದೀನಿ, ಮಗ್ಗುಲಲ್ಲಿ ಬಳ್ಳಿಯ ಕೆತ್ತನೆ ಇತ್ತು, ಸೋಪಿನ ನೊರೆ ಅದರ ಸುರುಳಿಯಲ್ಲೇ ಇಳಿದುಹೋಗ್ತಿತ್ತು. ಅವರಿಗೆ ಬೈಯೋಕೆ ನನಗೆ ಮನಸ್ಸಿಲ್ಲ. ಅದು ಅಲ್ಲಿದ್ದದ್ದಕ್ಕೇ ಉಳಿದಿದೆ.

ಊರೂರು ಅಲೆಯುವವ

ಮೇಲೆ ನಾನು ಹೆಸರಿಗೆ ಮಾತ್ರ ಅಂದಿದ್ದಕ್ಕೆ ಎಲ್ಲರೂ ಸೇರಿ ಪಾಠ ಮಾಡಿದಿರಿ, ಇರಲಿ. ಆದರೆ ನನ್ನ ಮಾತಲ್ಲೂ ಹುರುಳಿದೆ. ಹೊಸದಾಗಿ ಹೋಗೋನಿಗೆ ಪುಷ್ಪದಂತ ಗೊತ್ತಿರಲ್ಲ. ಕಣ್ಣಿಗೆ ರಾಷ್ಟ್ರಕೂಟರ ಕೆಲಸ ಕಾಣಬೇಕು ಅಂದ್ರೆ ಕುಕನೂರಿನ ನವಲಿಂಗ ಗುಡಿ ಇದೆ, ಪಟ್ಟದಕಲ್ಲಿನ ಜೈನ ಬಸದಿ ಇದೆ, ಯಾದಗಿರಿ ಜಿಲ್ಲೆಯ ಶಿರವಾಳದಲ್ಲಿ ಗುಡಿಗಳ ಗುಂಪೇ ಇದೆ. ಪಟ್ಟದಕಲ್ಲಿಗೆ ಹೋದವರೂ ವಿರೂಪಾಕ್ಷ ನೋಡಿ, ಸ್ವಲ್ಪ ಆಚೆ ಒಂಟಿಯಾಗಿರೋ ಆ ಬಸದಿಗೆ ಹೋಗಲ್ಲ. ಮೊದಲು ಇವನ್ನು ನೋಡಿ, ಆಮೇಲೆ ಮಳಖೇಡ. ತಿರುವುಮುರುವಾಗಿ ಹೋದರೆ ಬೈಕ್ ಸವಾರರ ಕಥೆಯೇ.

ಕಾವ್ಯದ ಹುಚ್ಚಿ

ಆ ಕ್ರಮ ನನಗೂ ಸರಿ ಅನ್ನಿಸುತ್ತದೆ. ಆದರೆ ಕಲ್ಲಿನ ಪಟ್ಟಿ ಜೊತೆ ಪುಸ್ತಕದ ಪಟ್ಟಿಯನ್ನೂ ಇಟ್ಟುಕೊಳ್ಳಿ. ಇದು ಕಟ್ಟಡಕ್ಕಿಂತ ಓಲೆಗರಿಯಲ್ಲಿ ಹೆಚ್ಚು ಉಳಿದ ರಾಜಧಾನಿ. ಅಮೋಘವರ್ಷನ ಗುರು ಜಿನಸೇನ ಆದಿಪುರಾಣ ಶುರು ಮಾಡಿದ, ಶಿಷ್ಯ ಗುಣಭದ್ರ ಮುಗಿಸಿದ. ಮಹಾವೀರಾಚಾರ್ಯ ಗಣಿತಸಾರಸಂಗ್ರಹದ ಶುರುವಿನಲ್ಲೇ ಅಮೋಘವರ್ಷನನ್ನು ಹೊಗಳಿದ್ದಾನೆ. ಶಾಕಟಾಯನ ತನ್ನ ವ್ಯಾಕರಣದ ವೃತ್ತಿಗೆ (ವ್ಯಾಖ್ಯಾನಕ್ಕೆ) ಅಮೋಘವೃತ್ತಿ ಅಂತಲೇ ಹೆಸರಿಟ್ಟ. ಕವಿರಾಜಮಾರ್ಗದ ಶ್ರೀವಿಜಯ ಇದ್ದಾನೆ. ನೂರು ವರ್ಷ ಬಿಟ್ಟು ಪೊನ್ನ. ಇಷ್ಟು ಜನ ಒಂದೇ ಮನೆತನದ ನೆರಳಲ್ಲಿ. ಆ ಊಟದ ಖರ್ಚನ್ನೆಲ್ಲ ಕಲ್ಲಿಗೆ ಹಾಕಿದ್ದರೆ ಇವತ್ತು ನಿಮಗೆ ಸೆಲ್ಫಿಗೆ ಜಾಗ ಇರುತ್ತಿತ್ತು :)

ಬೈಕ್ ಸವಾರ

ಸೆಲ್ಫಿ ತೆಗೆದಿಲ್ಲ ಮೇಡಂ, ಬಿಸಿಲಿಗೆ ಮೊಬೈಲೇ ಆಫ್ ಆಯ್ತು.

ಮೂರನೇ ಕೃಷ್ಣನ ತಾಮ್ರಶಾಸನದಲ್ಲಿ ಮಾನ್ಯಖೇಟ ಇಂದ್ರನ ಪಟ್ಟಣವನ್ನೇ ನೋಡಿ ನಗುವಂತಿತ್ತು ಅಂತ ಇದೆಯಂತೆ, ನಿಜಾನಾ?

ಹಳೇ ಶಾಸನ

ನಿಜ. ದೇವತೆಗಳ ಸೊಕ್ಕು ಇಳಿಸೋಕೆ ನೃಪತುಂಗ ಈ ಊರು ಕಟ್ಟಿದ ಅನ್ನೋ ಅರ್ಥದಲ್ಲಿ ಬರುತ್ತದೆ. ಆಸ್ಥಾನದ ಕವಿ ಬರೆದದ್ದು, ಅರ್ಧಕ್ಕರ್ಧ ಕಳೆಯಿರಿ. ಆದರೂ ಅಮೋಘವರ್ಷನೇ ಈ ಊರನ್ನು ಎತ್ತಿ ನಿಲ್ಲಿಸಿದವನು ಅಂತ ಮೊಮ್ಮಗನ ಮೊಮ್ಮಗನ ಕಾಲಕ್ಕೂ ನೆನಪಿತ್ತು ಅನ್ನೋದು ಅದರಿಂದ ಗೊತ್ತಾಗುತ್ತದೆ.

ಹೊಸ ಸದಸ್ಯೆ

ಎಲ್ಲರ ಮಾತನ್ನೂ ಓದಿದೆ, ತುಂಬಾ ಖುಷಿಯಾಯಿತು. ಡಿಸೆಂಬರ್‌ನಲ್ಲಿ ಅಪ್ಪ ಅಮ್ಮನ ಜೊತೆ ಮಳಖೇಡಕ್ಕೆ ಬರುತ್ತಿದ್ದೇವೆ. ಅವರಿಗೆ ನದಿ ಪಕ್ಕದ ಟೀಕಾಚಾರ್ಯರ (ಮಾಧ್ವ ಯತಿ ಜಯತೀರ್ಥರ) ಮಠಕ್ಕೆ ಹೋಗಬೇಕು, ನನಗೆ ಮಾನ್ಯಖೇಟ. ಅಮ್ಮನಿಗೆ ಮಂಡಿನೋವು. ಕೋಟೆ ಹತ್ತೋದು ಕಷ್ಟವಾ? ರೈಲಿನಲ್ಲಿ ಬರಬಹುದಾ? ಅದೇ ದಿನ ಇನ್ನೇನು ನೋಡಬಹುದು?

ಊರೂರು ಅಲೆಯುವವ

ಮಠದಲ್ಲಿರೋದು ಯಾವ ಯತಿಗಳ ವೃಂದಾವನ (ಸಮಾಧಿ) ಅನ್ನೋ ವಾದವನ್ನು ದಯವಿಟ್ಟು ಯಾರೂ ಇಲ್ಲಿ ತೆಗೀಬೇಡಿ. ಮೊದಲೇ ಹೇಳಿದ್ದೀನಿ.

ಸೇಡಂ ಕಡೆಯವ

ಹಹ್ಹ, ಯಾರೂ ತೆಗೆಯಲ್ಲ.

ಡಿಸೆಂಬರ್ ಒಳ್ಳೆ ಕಾಲ ರೀ. ಏಪ್ರಿಲ್ ಮೇ ಬಂದ್ರೆ ನಮಗೇ ಹೊರಗೆ ಕಾಲಿಡೋಕೆ ಆಗಲ್ಲ, 40 ಡಿಗ್ರಿ ದಾಟುತ್ತದೆ. ಮಳೆಗಾಲದಲ್ಲಿ ಕಾಗಿಣಾ ಉಕ್ಕಿದರೆ ಮಠದೊಳಗೇ ನೀರು ನುಗ್ಗುತ್ತದೆ, ಸೇತುವೆ ಮೇಲೆ ಹರಿದು ರಸ್ತೆ ಬಂದ್ ಆಗೋದೂ ಉಂಟು.

ರೈಲಿನಲ್ಲಿ ಬರೋದಾದರೆ ವಾಡಿ–ಸಿಕಂದರಾಬಾದ್ ಮಾರ್ಗದಲ್ಲಿ ಮಳಖೇಡ ರೋಡ್ ಅಂತ ನಿಲ್ದಾಣ ಇದೆ. ಹೆಸರಲ್ಲೇ ಇದೆ ನೋಡಿ, ರೋಡ್. ಊರು ಅಲ್ಲಿಂದ ಆಚೆಗಿದೆ. ಎಲ್ಲ ರೈಲೂ ನಿಲ್ಲಲ್ಲ. ಹಿರಿಯರು ಜೊತೆಗಿದ್ದರೆ ಕಲಬುರಗಿಯಲ್ಲಿ ಇಳಿದು ಕಾರು ಮಾಡಿಕೊಳ್ಳಿ, ಅದೇ ಸಲೀಸು. ಬಸ್ಸೂ ಸಿಗುತ್ತವೆ, ಸೇಡಂ ಬಸ್ ಹತ್ತಿದರೆ ಆಯ್ತು.

ಅಮ್ಮನಿಗೆ ಮಠ, ಬಸದಿ ಎರಡೂ ಕಷ್ಟವಾಗಲ್ಲ. ಕೋಟೆ ಬಾಗಿಲ ತನಕ ಕರೆದುಕೊಂಡು ಹೋಗಿ, ಬುರುಜಿನ ಮೇಲೆ ಬೇಡ. ಮೆಟ್ಟಿಲು ಸವೆದಿವೆ, ಹಿಡಿಯೋಕೆ ಏನೂ ಇಲ್ಲ. ನೀವು ಹತ್ತಿ, ಆದರೆ ಅಂಚಿಗೆ ಹೋಗಬೇಡಿ, ಕಲ್ಲು ಅಲುಗಾಡುತ್ತವೆ. ಗಟ್ಟಿ ಚಪ್ಪಲಿ ಇರಲಿ, ಜಾಲಿ ಮುಳ್ಳು ತೆಳು ಸೋಲನ್ನು ತೂರಿಕೊಂಡು ಬರುತ್ತದೆ. ನೀರು ಜೊತೆಗೇ ತನ್ನಿ.

ಹಳೇ ಶಾಸನ

ಅದೇ ದಿನ ಇನ್ನೇನು ಅಂದರೆ ನಾಗಾವಿ. ಚಿತ್ತಾಪುರದ ಪಕ್ಕದಲ್ಲೇ ಇದೆ. ಅಲ್ಲಿ ಘಟಿಕಾಸ್ಥಾನ ಇತ್ತು, ಅಂದರೆ ವಿದ್ಯಾರ್ಥಿಗಳಿಗೆ ಊಟ, ವಸತಿ, ಪಾಠ ಎಲ್ಲ ಕೊಡುವ ದೊಡ್ಡ ಶಾಲೆ. 1058ರ ಶಾಸನದಲ್ಲಿ ಮೇಷ್ಟ್ರುಗಳ ಜೊತೆ ಪುಸ್ತಕ ಭಂಡಾರ ನೋಡಿಕೊಳ್ಳುವವರಿಗೂ ಜಮೀನು ಬಿಟ್ಟ ಲೆಕ್ಕ ಇದೆ. ನಿಂತಿರುವ ಕಂಬಸಾಲು ಚೆನ್ನಾಗಿದೆ, ಮಳಖೇಡದಲ್ಲಿ ಸಿಗದ ಕಲ್ಲಿನ ಖುಷಿ ಅಲ್ಲಿ ಸಿಗುತ್ತದೆ. ನೆಲ ಸಮತಟ್ಟು, ಅಮ್ಮನೂ ನಡೆಯಬಹುದು.

ಬೆಳಗ್ಗೆ ಬೇಗ ಹೊರಟರೆ ಸನ್ನತಿಯನ್ನೂ ಸೇರಿಸಬಹುದು. ಅಪ್ಪ ಅಮ್ಮನಿಗೆ ಚಂದ್ರಲಾಂಬಾ ಗುಡಿ, ನಿಮಗೆ ಪಕ್ಕದ ಕನಗನಹಳ್ಳಿಯ ಸ್ತೂಪ. ಅಶೋಕನ ಹೆಸರು ಕೆತ್ತಿರುವ ಅವನ ಶಿಲ್ಪ ಸಿಕ್ಕಿದ್ದು ಅಲ್ಲೇ. ಆದರೆ ಮೂರೂ ಒಂದೇ ದಿನಕ್ಕೆ ಅಂದರೆ ಮಂಡಿನೋವಿನವರಿಗೆ ಜಾಸ್ತಿ ಆಗುತ್ತದೆ. ನಾನಾದರೆ ಸನ್ನತಿಯನ್ನು ಮರುದಿನಕ್ಕೆ ಇಟ್ಟುಕೊಳ್ಳುತ್ತೇನೆ.

ಹೊಸ ಸದಸ್ಯೆ

ತುಂಬಾ ಥ್ಯಾಂಕ್ಸ್. ಮರುದಿನ ಸನ್ನತಿ ಅಂತ ಅಪ್ಪನಿಗೆ ಹೇಳಿದೆ, ಒಪ್ಪಿದರು. ಬಸದಿಗೆ ಮಠದಿಂದ ನಡೆದೇ ಹೋಗಬಹುದಾ, ಕಾರು ಒಳಗೆ ಹೋಗುತ್ತದಾ?

ಸೇಡಂ ಕಡೆಯವ

ಓಣಿ ಸಣ್ಣದು, ದೊಡ್ಡ ಕಾರು ತಿರುಗಿಸೋದು ಕಷ್ಟ. ಮುಖ್ಯ ರಸ್ತೆಯಲ್ಲೇ ನಿಲ್ಲಿಸಿ ಅಮ್ಮನಿಗೆ ಒಂದು ಆಟೋ ಮಾಡಿ. ನೇಮಿನಾಥ ಬಸದಿ ಅಂತ ಕೇಳಿ, ಯಾರಾದ್ರೂ ತೋರಿಸ್ತಾರೆ. ಹೊರಡೋ ಹಿಂದಿನ ದಿನ ಇಲ್ಲೇ ಒಂದು ಮೆಸೇಜ್ ಹಾಕಿ, ನಾನು ಊರಲ್ಲಿದ್ದರೆ ಬರ್ತೀನಿ.